ನೈಟ್‌ನಲ್ಲಿ ಜಿ-ಎಚ್ ಯಾಕೆ ಕೂತಿದೆ?

ನೈಟ್, ಲೈಟ್, ಥಾಟ್, ಡಾಟರ್. ಇಂಗ್ಲಿಷ್‌ನಲ್ಲಿ ಬರೆದರೆ ಇವೆಲ್ಲದರ ನಡುವೆ ಜಿ, ಎಚ್ ಇರುತ್ತವೆ. ಬಾಯಲ್ಲಿ ಮಾತ್ರ ಬರುವುದಿಲ್ಲ. ಡಿಕ್ಟೇಶನ್‌ನಲ್ಲಿ ಅವನ್ನು ಬಿಟ್ಟ ಮಗುವಿನ ನೋಟ್‌ಬುಕ್ಕಿಗೆ ಕೆಂಪು ಗೆರೆ ಬೀಳುತ್ತದೆ. ಪಾಪ, ಅದು ಕಿವಿಗೆ ಬಿದ್ದದ್ದನ್ನೇ ಬರೆದಿರುತ್ತದೆ, ಅಲ್ವಾ?

ಆ ಅಕ್ಷರಗಳಿಗೂ ಹಿಂದೆ ದನಿ ಇತ್ತು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನವರು ರಾತ್ರಿಗೆ ಹೆಚ್ಚುಕಡಿಮೆ 'ನಿಖ್ಟ್' ಎನ್ನುತ್ತಿದ್ದರು. ಗಾಳಿ ಉಜ್ಜಿಕೊಂಡು ಬರುವ ಸದ್ದು ಅದು. ನೀವೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಗೊತ್ತಾಗುತ್ತದೆ. ಜರ್ಮನ್ನರ 'ನಾಖ್ಟ್'ನಲ್ಲಿ ಅದರ ನಂಟಿನ ಸದ್ದು ಇವತ್ತಿಗೂ ಇದೆ. ಕುದುರೆ ಏರಿದ ವೀರನನ್ನು ಹೇಳುವ ಇನ್ನೊಂದು 'ನೈಟ್' ಆಗ 'ಕ್ನಿಖ್ಟ್' ಆಗಿತ್ತು. ಅರ್ಥ ಹುಡುಗ, ಆಳು ಅಂತ ಅಷ್ಟೇ.

ಆಗ ಬರೆಯಲು ಒಂದು ಎಚ್ ಸಾಕಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದರು, ಬರೆಯುವ ರೂಢಿ ಬದಲಾಯಿತು, ಮುಂದಿನ ಶತಮಾನಗಳಲ್ಲಿ ಜಿ-ಎಚ್ ಜೋಡಿ ನೆಲೆಯಾಯಿತು.

ನಿಜವಾದ ಗೋಜಲು ಶುರುವಾದದ್ದು ಅಚ್ಚುಕೂಟದಿಂದ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದರು. ಅವರು ಬಹಳ ವರ್ಷ ಈಗಿನ ಬೆಲ್ಜಿಯಂನ ಬ್ರೂಜ್ ಕಡೆ ಇದ್ದವರು. ಅಲ್ಲಿನ ಫ್ಲೆಮಿಶ್ ಭಾಷೆಯ ಬರೆಯುವ ರೂಢಿಯೂ ಜೊತೆಗೆ ಬಂತು. ದೆವ್ವಕ್ಕೆ ಇಂಗ್ಲಿಷ್‌ನಲ್ಲಿ ಇದ್ದ ಹಳೆಯ ಪದ 'ಗಾಸ್ಟ್', ಬರೀ ಜಿ. ಅಚ್ಚಿನಲ್ಲಿ ಅದಕ್ಕೊಂದು ಎಚ್ ಸೇರಿ ಇವತ್ತಿನ 'ಘೋಸ್ಟ್' ಆಯಿತು. ಗೂಸ್, ಗೋಟ್‌ಗಳಿಗೂ ಹೀಗೇ ಎಚ್ ಅಂಟಿತ್ತು. ಅವು ಉದುರಿಸಿಕೊಂಡವು, ದೆವ್ವ ಮಾತ್ರ ಬಿಡಲಿಲ್ಲ. ಅದೇ ಹೊತ್ತಿಗೆ ಜನರ ಬಾಯಲ್ಲಿ ಆ ಗಂಟಲ ಸದ್ದು ಸವೆಯುತ್ತಿತ್ತು. ಲಾಫ್, ಕಾಫ್‌ಗಳಲ್ಲಿ 'ಫ' ಆಯಿತು, ಉಳಿದ ಕಡೆ ಸುಮ್ನೆ ಮಾಯವಾಯಿತು. ಮಾತು ಮುಂದೆ ಹೋಯಿತು, ಅಚ್ಚುಮೊಳೆ ಜೋಡಿಸುವವರ ಕೈ ಹಳೆಯ ದಾರಿಯಲ್ಲೇ ಉಳಿಯಿತು. ಫ್ರೆಂಚ್‌ನಿಂದ ಬಂದ 'ಡಿಲೈಟ್'ಗೆ ಈ ಸದ್ದು ಎಂದೂ ಇರಲಿಲ್ಲ. 'ಲೈಟ್' ಜೊತೆ ಪ್ರಾಸ ಹೊಂದಿದ್ದಕ್ಕೆ ಅದಕ್ಕೂ ಜಿ-ಎಚ್ ತಗುಲಿಕೊಂಡಿತು!

ಇದೇ ಸಾಲಿನ ಕೆಲವು ಪದಗಳು ಈಗ ಹಳೆಯ ಕವಿತೆಗಳಲ್ಲಷ್ಟೇ ಸಿಗುತ್ತವೆ. 'ವೈಟ್' (wight) ಅಂದರೆ ಜೀವಿ, 'ಹೈಟ್' (hight) ಅಂದರೆ 'ಎಂಬ ಹೆಸರಿನ', 'ಡೈಟ್' (dight) ಅಂದರೆ ಸಿಂಗರಿಸಿದ. ಮೂರರಲ್ಲೂ ಜಿ-ಎಚ್ ಇದೆ. ನನಗೆ 'ಹೈಟ್' ಕಂಡರೆ ವಿಶೇಷ ಪ್ರೀತಿ. ಒಂದೇ ಪದದಲ್ಲಿ 'ಎಂಬ ಹೆಸರಿನವನು' ಎಂದು ಮುಗಿಸಿಬಿಡುತ್ತದೆ.

ಕನ್ನಡದಲ್ಲೂ ಹೀಗೊಂದು ದನಿ ಕಳೆದುಹೋಗಿದೆ. ಹಳಗನ್ನಡದ 'ಮೞೆ' ನಮ್ಮ ಬಾಯಲ್ಲಿ 'ಮಳೆ' ಆಯಿತು. ದನಿ ಹೋದ ಮೇಲೆ ಅಕ್ಷರವನ್ನೂ ಬಿಟ್ಟೆವು. ಅದಕ್ಕೇ ನಮ್ಮ ಮಕ್ಕಳು 'ಮಳೆ' ಬರೆಯಲು ಒದ್ದಾಡುವುದಿಲ್ಲ.

ಇಂಗ್ಲಿಷ್‌ನಲ್ಲೂ ಬಿಡಿಸಲು ನೋಡಿದರು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲಿಂಗ್ ಬಳಸಲು ಸರ್ಕಾರಿ ಮುದ್ರಣಾಲಯಕ್ಕೆ ಹೇಳಿದರು. ಸಂಸತ್ತು ಒಪ್ಪಲಿಲ್ಲ. ಷಿಕಾಗೋ ಟ್ರಿಬ್ಯೂನ್ ಪತ್ರಿಕೆ 1934ರಿಂದ ಜಿ-ಎಚ್ ಇಲ್ಲದ 'ದೋ', 'ಥ್ರೂ' ಅಚ್ಚು ಹಾಕಿ, 1975ರಲ್ಲಿ ಹಳೆಯದಕ್ಕೇ ಮರಳಿತು. ಆ ಚಿಕ್ಕ 'ಥ್ರೂ' ಈಗ ಅಮೆರಿಕದ ಡ್ರೈವ್-ಥ್ರೂ ಹೋಟೆಲುಗಳ ಬೋರ್ಡಿನ ಮೇಲಿದೆ.