ಎತ್ತರದ ಹುಡುಗ ಮೊದಲು ಕಲಿಯಬೇಕಾದದ್ದು ನೆಲವನ್ನು

ಕಳೆದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಹದಿನೇಳರ ಹುಡುಗನೊಬ್ಬ ಶಿವಮೊಗ್ಗದಲ್ಲಿ ನಾನು ನಡೆಸುವ ಬಾಸ್ಕೆಟ್‌ಬಾಲ್ ತರಬೇತಿಗೆ ಸೇರಿದ. ಎತ್ತರ 1.93 ಮೀಟರ್. ಮಲೆನಾಡಿನ ಎತ್ತರದ ಮಕ್ಕಳಲ್ಲಿ ಹೆಚ್ಚಿನವರಂತೆ ಅವನೂ ವಾಲಿಬಾಲ್ ಆಡಿ ಬೆಳೆದವನು. ಮೊದಲ ಅಭ್ಯಾಸ ಪಂದ್ಯದಲ್ಲೇ ಮೂರು ಬ್ಲಾಕ್ ಮಾಡಿ, ಅಂದರೆ ಎದುರಾಳಿ ರಿಂಗ್‌ನತ್ತ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದು, ಎಲ್ಲರಿಂದ ಚಪ್ಪಾಳೆ ಗಿಟ್ಟಿಸಿದ. ಎರಡನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಐದು ಫೌಲ್ ಆಗಿ ಹೊರಗೆ ಕುಳಿತಿದ್ದ. 40 ನಿಮಿಷಗಳ ಪಂದ್ಯದ ಉಳಿದರ್ಧದಲ್ಲಿ ನಮ್ಮ ರಿಂಗ್ ಕಾಯಲು ಯಾರೂ ಇರಲಿಲ್ಲ.

ತಪ್ಪು ಎಲ್ಲಿತ್ತು? ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡುವವನು ನೆಗೆದು ಕೈಗಳನ್ನು ನೆಟ್ ದಾಟಿಸಿ ಎದುರಾಳಿಯ ಕಡೆಗೆ ಚಾಚುತ್ತಾನೆ. ಬಾಸ್ಕೆಟ್‌ಬಾಲ್‌ನಲ್ಲಿ ಅದೇ ಕೈ ಫೌಲ್ ತರುತ್ತದೆ. ಇಲ್ಲಿ ಪ್ರತಿ ಆಟಗಾರನಿಗೂ ತಾನು ನಿಂತ ನೆಲ ಮತ್ತು ಅದರ ನೇರ ಮೇಲಿನ ಜಾಗ ಸಲ್ಲುತ್ತದೆ. ನಿಯಮ ಅದನ್ನು ಸಿಲಿಂಡರ್ ಎನ್ನುತ್ತದೆ. ಅದರೊಳಗೆ ಕೈ ನೆಟ್ಟಗೆ ಎತ್ತಿ ನಿಂತರೂ, ನೇರ ನೆಗೆದರೂ, ಎದುರಾಳಿ ಬಂದು ಡಿಕ್ಕಿ ಹೊಡೆದರೆ ತಪ್ಪು ನಮ್ಮದಲ್ಲ. ಕೈ ಮುಂದಕ್ಕೆ ಬಾಗಿ ತಾಗಿದರೆ ಸೀಟಿ ಊದುತ್ತದೆ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಈ ಹುಡುಗ ನೆಗೆಯದೆ ಕೈ ಎತ್ತಿದರೇ ಸುಮಾರು 2.5 ಮೀಟರ್ ಮುಟ್ಟುತ್ತಾನೆ. ಅವನ ಮೇಲಿಂದ ಚೆಂಡು ದಾಟಿಸುವ ಕಷ್ಟ ಎದುರಾಳಿಯದು, ಅವನು ಅವಸರಪಡಬೇಕಿಲ್ಲ.

ಮಳೆ ನನಗೆ ಉಪಕಾರವನ್ನೇ ಮಾಡಿತು. ಅಂಗಳದಲ್ಲಿ ಪಾಚಿ ಕಟ್ಟಿ ಆಡಲಾಗದ ವಾರಗಳಲ್ಲಿ ಉದ್ದನೆಯ ಜಗಲಿಯಲ್ಲಿ, ಬರೀ ಕಾಲಿನ ಅಭ್ಯಾಸ. ಎತ್ತರದ ಮಕ್ಕಳಿಗೆ ತಗ್ಗಿ ನಿಲ್ಲು ಎಂದರೆ ಬೆನ್ನು ಬಾಗಿಸುತ್ತಾರೆ. ಬಾಗಬೇಕಾದದ್ದು ಮಂಡಿ, ಹಿಂದೆ ಸರಿಯಬೇಕಾದದ್ದು ಸೊಂಟ, ಎದೆ ನೆಟ್ಟಗಿರಬೇಕು. ಎರಡೂ ಕೈಯಲ್ಲಿ ಒಂದೊಂದು ಟೆನಿಸ್ ಚೆಂಡು ಹಿಡಿಸಿ ಡಿಫೆನ್ಸ್ ಆಡಿಸಿದೆ. ಕೈ ತುಂಬಿದ್ದರೆ ಎದುರಾಳಿಯನ್ನು ಹಿಡಿಯಲಾಗದು, ಚೆಂಡು ಕಸಿಯಲಾಗದು, ಕಾಲೇ ಕೆಲಸ ಮಾಡಬೇಕು.

ಕಾಯುವುದನ್ನು ಕಲಿಸಲು ಕಬಡ್ಡಿಯ ನೆನಪು ನೆರವಾಯಿತು. ಮೂಲೆಯಲ್ಲಿ ನಿಂತ ಒಳ್ಳೆಯ ಹಿಡಿತಗಾರ ರೇಡರ್‌ನ ಕೈಯಾಟಕ್ಕೆ ಮರುಳಾಗುವುದಿಲ್ಲ. ಇಲ್ಲಿಯೂ ಚೆಂಡು, ತಲೆ, ಭುಜ ಎಲ್ಲವೂ ಮೋಸ ಮಾಡಬಲ್ಲವು. ಆದರೆ ಎದುರಾಳಿ ಹೋಗುವುದು ಅವನ ಸೊಂಟ ತಿರುಗಿದತ್ತಲೇ. ನಾನು ಹಾಕಿದ ಕಟ್ಟು ಒಂದೇ: ಎದುರಾಳಿಯ ಪಾದ ನೆಲ ಬಿಡುವ ತನಕ ನಿನ್ನ ಪಾದ ನೆಲ ಬಿಡಬಾರದು.

ಮೊಬೈಲ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುವ ಮಕ್ಕಳಿಗೆ ಇನ್ನೊಂದು ಗೊಂದಲವಿದೆ. ಅಲ್ಲಿ 2001–02ರಿಂದ, ಯಾರನ್ನೂ ಹತ್ತಿರದಿಂದ ಕಾಯದ ಡಿಫೆಂಡರ್ ರಿಂಗ್ ಮುಂದಿನ ಆಯತದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಾವು ಆಡುವ ಅಂತರರಾಷ್ಟ್ರೀಯ ನಿಯಮದಲ್ಲಿ ಆ ಕಟ್ಟುಪಾಡು ದಾಳಿ ಮಾಡುವವರಿಗೆ ಮಾತ್ರ. ನಮ್ಮ ಹುಡುಗ ಅಲ್ಲಿ ಧೈರ್ಯವಾಗಿ ನಿಲ್ಲಬಹುದು.

ಬ್ಲಾಕ್ ಮಾಡಿದ ಚೆಂಡನ್ನು ಗ್ಯಾಲರಿಗೆ ಬಾರಿಸುವ ಆಸೆಯನ್ನೂ ಬಿಡಿಸಬೇಕಾಯಿತು. 13 ಋತುಗಳಲ್ಲಿ 11 ಬಾರಿ ಎನ್‌ಬಿಎ ಪ್ರಶಸ್ತಿ ಗೆದ್ದ ಬಿಲ್ ರಸೆಲ್ ಬ್ಲಾಕ್ ಮಾಡಿದ ಚೆಂಡನ್ನು ಅಂಗಳದೊಳಗೇ ಉಳಿಸಿ ತನ್ನವರಿಗೆ ಸಿಗುವಂತೆ ಮಾಡುತ್ತಿದ್ದರು. ಹೊರಗೆ ಹೋದ ಚೆಂಡು ಎದುರಾಳಿಗೇ ಮರಳುತ್ತದೆ. ರಸೆಲ್ ಆಡುತ್ತಿದ್ದ ಕಾಲದಲ್ಲಿ ಬ್ಲಾಕ್‌ಗಳ ಅಧಿಕೃತ ಲೆಕ್ಕವೇ ಇರಲಿಲ್ಲ. ಅದು ಶುರುವಾದದ್ದು 1973–74ರಲ್ಲಿ.

ಎಲ್ಲಕ್ಕಿಂತ ಕಷ್ಟವಾದದ್ದು ಮಾತು. ಎಲ್ಲರ ಹಿಂದೆ ನಿಂತವನಿಗೆ ಇಡೀ ಅಂಗಳ ಕಾಣುತ್ತದೆ. ಚೆಂಡು ಹಿಡಿದವನ ಬೆನ್ನಟ್ಟಿರುವ ನಮ್ಮ ಗಾರ್ಡ್‌ಗೆ ಪಕ್ಕದಲ್ಲಿ ದಾರಿಗೆ ಅಡ್ಡ ಬಂದು ನಿಲ್ಲುವ ಎದುರಾಳಿ, ಅಂದರೆ ಸ್ಕ್ರೀನ್, ಕಾಣುವುದಿಲ್ಲ; ಹಿಂದಿನವನು ಕೂಗಿ ಹೇಳಲೇಬೇಕು. ಇವನೋ ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳೆದ ಮೆಲುದನಿಯ ಹುಡುಗ. "ಅಣ್ಣಾ, ಎಡಗಡೆ ಸ್ಕ್ರೀನ್ ಬರುತ್ತಿದೆ" ಎಂದು ಮರ್ಯಾದೆಯಿಂದ ಹೇಳಿ ಮುಗಿಸುವಷ್ಟರಲ್ಲಿ ಗಾರ್ಡ್ ಸ್ಕ್ರೀನ್‌ಗೆ ಬಡಿದು ನಿಂತಿರುತ್ತಿದ್ದ. "ದೊಡ್ಡವರಿಗೆ ಹಾಗೆ ಕೂಗುವುದು ಹೇಗೆ ಸರ್?" ಎಂದು ಕೇಳಿದ. ಆ ಸಂಕೋಚ ಅವನ ಮನೆಯ ಸಂಸ್ಕಾರ; ಅದನ್ನು ಗದರಿಸಿ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಹಿರಿಯ ಹುಡುಗರಿಂದಲೇ ಹೇಳಿಸಿದೆ: "ಅಂಗಳದಲ್ಲಿ ಅಣ್ಣ ಬೇಡ ಕಣೋ, ದಿಕ್ಕು ಹೇಳು ಸಾಕು." ಅಂದಿನಿಂದ ಮೂರೇ ಕೂಗು: "ಎಡ!", "ಬಲ!", "ನಾನಿದ್ದೇನೆ!" ಮೂರನೆಯದನ್ನು ಕೇಳಿದ ಗಾರ್ಡ್ ಅಂಜದೆ ಎದುರಾಳಿಯ ಮೇಲೆ ಒತ್ತಡ ಹಾಕುತ್ತಾನೆ. ತಪ್ಪಿಸಿಕೊಂಡು ಒಳನುಗ್ಗಿದವನಿಗೆ ಎತ್ತಿದ ಎರಡು ಕೈ ಎದುರಾಗುತ್ತವೆ.

ಚಳಿಗಾಲದ ಒಂದು ಪಂದ್ಯದಲ್ಲಿ ಅವನು ಕೊನೆಯ ಸೀಟಿಯವರೆಗೂ ಆಡಿದ. "ಇವತ್ತು ಒಂದೇ ಬ್ಲಾಕ್ ಸರ್" ಎಂದು ಮುಖ ಸಣ್ಣ ಮಾಡಿಕೊಂಡ. ಒಳಗೆ ನುಗ್ಗಿ ಬಂದವರು ಇವನನ್ನು ಕಂಡು ಚೆಂಡನ್ನು ಮತ್ತೆ ಹೊರಗೆ ಕೊಟ್ಟಾಗಲೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದಿದ್ದೆ. ಪುಟ ತೋರಿಸಿದೆ. ಅರ್ಧ ಪುಟ ತುಂಬಿತ್ತು.

ಇನ್ನು ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು, ಉಳಿದಿದೆ. ಶಾಟ್ ಹಾರಿದ ಕೂಡಲೇ ಅವನ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ತಿರುಗಿ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಲ್ಲುವುದು ಮರೆತುಹೋಗುತ್ತದೆ. ಮಳೆ ಹಿಡಿಯುವ ಮೊದಲು ಅದನ್ನು ತಿದ್ದಬೇಕು.