ಲಿಂಕನ್ ಬಿಡುಗಡೆ ಮಾಡಿದ್ದರೆ ಕಿಂಗ್ ಹೋರಾಡಿದ್ದು ಯಾತಕ್ಕೆ?

ಪ್ರಶ್ನೆ: 1863ರಲ್ಲೇ ಅಬ್ರಹಾಂ ಲಿಂಕನ್ ಗುಲಾಮಗಿರಿಯನ್ನು ರದ್ದು ಮಾಡಿದರು ಎಂದು ಓದಿದ್ದೇವೆ. ಹಾಗಿದ್ದರೆ ನೂರು ವರ್ಷ ಕಳೆದ ಮೇಲೆ, 1963ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತೆ ಸ್ವಾತಂತ್ರ್ಯ ಕೇಳಿದ್ದು ಏಕೆ?

ಉತ್ತರ: ಸ್ಪರ್ಧಾತ್ಮಕ ಪರೀಕ್ಷೆಗಳ ಹಂಗಾಮು ಬಂತೆಂದರೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಎಷ್ಟು ಸಲ ಉತ್ತರ ಬರೆದರೂ ಮುಂದಿನ ವರ್ಷ ಅದೇ ವಾಕ್ಯ, ಅದೇ 1863. ತೊಂದರೆ ಇರುವುದು ಪ್ರಶ್ನೆಯ ಮೊದಲರ್ಧದಲ್ಲಿ. ಅದನ್ನು ಬಿಡಿಸಿಕೊಳ್ಳದೆ ಎರಡನೆಯದಕ್ಕೆ ಕೈಹಾಕಿದರೆ ಪ್ರಯೋಜನವಿಲ್ಲ.

ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು: ದಂಗೆಯೆದ್ದು ಹೊರಬಿದ್ದ ದಕ್ಷಿಣದ ರಾಜ್ಯಗಳು ಒಂದು ಕಡೆ, ಲಿಂಕನ್ ಅಧ್ಯಕ್ಷರಾಗಿದ್ದ ಒಕ್ಕೂಟ ಇನ್ನೊಂದು ಕಡೆ. 1863ರ ಜನವರಿ 1ರಂದು ಲಿಂಕನ್ ಸಹಿ ಮಾಡಿದ ಘೋಷಣೆ ದೇಶದ ಗುಲಾಮಗಿರಿಯನ್ನು ರದ್ದು ಮಾಡಲಿಲ್ಲ. ದಯವಿಟ್ಟು ಆ ಪತ್ರವನ್ನೇ ಒಮ್ಮೆ ತೆಗೆದು ಓದಿ, ದೊಡ್ಡದೇನಲ್ಲ. ಅದರ ನಡುವೆ ಊರುಗಳ ಒಂದು ಪಟ್ಟಿ ಸಿಗುತ್ತದೆ. ಲೂಸಿಯಾನಾದ 13 ಪ್ಯಾರಿಷ್‌ಗಳು (ಅಲ್ಲಿನ ಜಿಲ್ಲೆಗಳು), ನ್ಯೂ ಆರ್ಲಿಯನ್ಸ್ ನಗರವೂ ಸೇರಿ. ಮುಂದೆ ಪಶ್ಚಿಮ ವರ್ಜೀನಿಯಾ ಎಂಬ ರಾಜ್ಯವಾದ 48 ಕೌಂಟಿಗಳು, ಇವೂ ಜಿಲ್ಲೆಗಳೇ. ಸಮುದ್ರದಂಚಿನ ಇನ್ನೂ ಕೆಲವು ಕೌಂಟಿಗಳು, ನಾರ್ಫೋಕ್ ಮತ್ತು ಪೋರ್ಟ್ಸ್‌ಮತ್ ಪಟ್ಟಣಗಳು. ಬಿಡುಗಡೆಯಾದ ಊರುಗಳ ಪಟ್ಟಿ ಇರಬೇಕು ಎಂದುಕೊಳ್ಳುತ್ತೀರಿ. ಉಲ್ಟಾ. ಘೋಷಣೆ ಅನ್ವಯಿಸದ ಊರುಗಳ ಪಟ್ಟಿ ಅದು. ಈ ಘೋಷಣೆಯೇ ಹೊರಡದಿದ್ದರೆ ಹೇಗಿರುತ್ತಿದ್ದವೋ ಸದ್ಯಕ್ಕೆ ಹಾಗೆಯೇ ಇರತಕ್ಕದ್ದು ಎಂದು ಅದರಲ್ಲೇ ಬರೆದಿದೆ.

ಘೋಷಣೆ ಅನ್ವಯಿಸಿದ್ದು ಅದು ಹೆಸರಿಸಿದ ದಂಗೆಯ ರಾಜ್ಯಗಳಿಗೆ ಮಾತ್ರ. ಆ ಹೆಸರುಗಳಲ್ಲಿ ಟೆನೆಸಿ ಇಲ್ಲ. ಗುಲಾಮಗಿರಿ ಇಟ್ಟುಕೊಂಡೇ ಒಕ್ಕೂಟದ ಜೊತೆ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳ ಹೆಸರೂ ಇಲ್ಲ. ಒಟ್ಟಿನಲ್ಲಿ ಲಿಂಕನ್‌ರ ಸೇನೆಯ ಹಿಡಿತ ಇದ್ದ ಬಹುಪಾಲು ಜಾಗಗಳಲ್ಲಿ ಗುಲಾಮರು ಗುಲಾಮರಾಗಿಯೇ ಉಳಿದರು. ಯಾವ ಜಾಗಗಳಲ್ಲಿ ಬಿಡುಗಡೆ ಎಂದು ಸಾರಲಾಯಿತೋ ಅಲ್ಲಿ ಹೆಚ್ಚಿನ ಕಡೆ ಅವರ ಮಾತು ನಡೆಯುತ್ತಲೇ ಇರಲಿಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು ಇನ್ನೊಂದು ಅತಿಗೆ ಹೋಗುತ್ತಾರೆ: ‘ಹಾಗಾದರೆ ಲಿಂಕನ್ ಮಾಡಿದ್ದೆಲ್ಲ ನಾಟಕ.’ ಅದೂ ಸರಿಯಲ್ಲ. ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರವನ್ನು ಆಗಿನ ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿರಲಿಲ್ಲ. ಲಿಂಕನ್‌ಗೆ ಸಿಕ್ಕಿದ್ದು ಒಂದೇ ದಾರಿ. ಸೇನೆಯ ಮಹಾದಂಡನಾಯಕರಾಗಿ ಶತ್ರುವಿನ ಬಲ ಕುಗ್ಗಿಸುವ ಕ್ರಮ ಅವರು ಕೈಗೊಳ್ಳಬಹುದಿತ್ತು. ದಂಗೆಯೆದ್ದವರ ಮೇಲೆ ಪ್ರಯೋಗಿಸಬಹುದಾದ ಆ ಅಧಿಕಾರವನ್ನು ನಿಷ್ಠ ರಾಜ್ಯಗಳ ಮೇಲೆ ಪ್ರಯೋಗಿಸುವಂತಿರಲಿಲ್ಲ. ಅದೇ ಘೋಷಣೆ ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳುವ ಬಾಗಿಲನ್ನೂ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಒಕ್ಕೂಟದ ಸಮವಸ್ತ್ರ ತೊಟ್ಟಿದ್ದರು. ಸೇನೆ ಮುಂದೆ ಹೋದಷ್ಟೂ ಬಿಡುಗಡೆ ನಿಜವಾಗುತ್ತಾ ಹೋಯಿತು.

ಇಷ್ಟಕ್ಕೂ ಗುಲಾಮರು ಯಾರ ಸಹಿಗೂ ಕಾದು ಕೂತಿರಲಿಲ್ಲ. 1861ರ ಮೇ ತಿಂಗಳಲ್ಲಿ, ಯುದ್ಧ ಶುರುವಾಗಿ ತಿಂಗಳು ಕಳೆದಿತ್ತಷ್ಟೆ, ವರ್ಜೀನಿಯಾದಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಎಂಬ ಮೂವರು ರಾತ್ರೋರಾತ್ರಿ ದೋಣಿ ಹತ್ತಿ ಒಕ್ಕೂಟದ ಹಿಡಿತದಲ್ಲಿದ್ದ ಮನ್ರೋ ಕೋಟೆ ಸೇರಿದರು. ಯಜಮಾನನ ಕಡೆಯವನು ಬಂದು ವಾಪಸು ಕೊಡಿ ಎಂದ. ಕೋಟೆಯ ದಳಪತಿ ಬೆಂಜಮಿನ್ ಬಟ್ಲರ್ ವೃತ್ತಿಯಲ್ಲಿ ವಕೀಲ. ಇವರನ್ನು ನೀವು ಆಸ್ತಿ ಎನ್ನುತ್ತೀರಲ್ಲ, ಶತ್ರು ಯುದ್ಧಕ್ಕೆ ಬಳಸುವ ಆಸ್ತಿಯನ್ನು ವಶಪಡಿಸಿಕೊಳ್ಳುವ ಹಕ್ಕು ನನಗಿದೆ ಎಂದು ವಾದ ಹೂಡಿ ಇಟ್ಟುಕೊಂಡ. ಸುದ್ದಿ ಹಬ್ಬಿದ್ದೇ ತಡ, ಆ ಕೋಟೆಯತ್ತ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರತೊಡಗಿದರು. ಲಿಂಕನ್‌ರ ಕಾಗದಕ್ಕಿಂತ ಇದು ಒಂದೂವರೆ ವರ್ಷ ಮುಂಚಿನ ಮಾತು. ಗೈಡುಗಳಲ್ಲಿ ಈ ಮೂವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ದಕ್ಷಿಣದ ಮುಖ್ಯ ಸೇನೆ 1865ರ ಏಪ್ರಿಲ್ 9ರಂದು ಶರಣಾಯಿತು. ಅದೇ ವಾರ ಲಿಂಕನ್‌ಗೆ ಗುಂಡು ಬಿತ್ತು. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಜನರಲ್ ಗ್ರೇಂಜರ್ ಬಿಡುಗಡೆಯ ಆಜ್ಞೆ ಹೊರಡಿಸಿದ್ದು ಜೂನ್ 19ಕ್ಕೆ. ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೆ 2021ರಿಂದ ಆ ದಿನ ರಜೆ ಸಿಗುತ್ತಿರುವುದು ಇದಕ್ಕೇ. ಆಗಲೂ ಕೆಂಟಕಿ, ಡೆಲವೇರ್‌ಗಳಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಇಡೀ ದೇಶದಲ್ಲಿ ಅದು ರದ್ದಾದದ್ದು 1865ರ ಡಿಸೆಂಬರ್ 6ರಂದು, ಸಂವಿಧಾನದ 13ನೇ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಾಗ. ಆ ತಿದ್ದುಪಡಿಯನ್ನು ಕೆಳಮನೆಯಲ್ಲಿ 119–56ರಲ್ಲಿ ದಾಟಿಸಲು ಲಿಂಕನ್ ಪಟ್ಟ ಪಾಡು ಅವರ ನಿಜವಾದ ಸಾಧನೆ. ಕೆಂಟಕಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1976ರಲ್ಲಿ!

ಈಗ ಕಿಂಗ್ ವಿಷಯ. 14ನೇ ತಿದ್ದುಪಡಿ 1868ರಲ್ಲಿ ಪೌರತ್ವ ಕೊಟ್ಟಿತು. 15ನೆಯದು 1870ರಲ್ಲಿ, ಬಣ್ಣದ ಕಾರಣಕ್ಕೆ ಮತದ ಹಕ್ಕು ತಪ್ಪಿಸಬಾರದು ಎಂದಿತು. ಅದೇ ವರ್ಷ ಮಿಸಿಸಿಪ್ಪಿಯಿಂದ ಹಿರಮ್ ರೆವೆಲ್ಸ್ ಎಂಬ ಕಪ್ಪು ಪಾದ್ರಿ ಸೆನೆಟ್‌ನಲ್ಲಿ ಕೂತರು. ಇದಕ್ಕೆಲ್ಲ ಕಾವಲಿದ್ದದ್ದು ದಕ್ಷಿಣದಲ್ಲಿ ಬೀಡುಬಿಟ್ಟಿದ್ದ ಕೇಂದ್ರದ ಸೇನೆ. 1877ರ ರಾಜಕೀಯ ಒಪ್ಪಂದದಲ್ಲಿ ಆ ಕಾವಲು ಹೋಯಿತು.

ಆಮೇಲೆ ನಡೆದದ್ದು ಕಾನೂನಿನ ಕಸರತ್ತು. ಬಣ್ಣದ ಹೆಸರೆತ್ತಿದರೆ ತಾನೆ 15ನೇ ತಿದ್ದುಪಡಿ ಅಡ್ಡ ಬರುವುದು? ಮಿಸಿಸಿಪ್ಪಿ 1890ರಲ್ಲಿ ಬಣ್ಣದ ಮಾತೇ ಇಲ್ಲದ ಹೊಸ ಸಂವಿಧಾನ ಬರೆದುಕೊಂಡಿತು. ಮತ ಹಾಕಬೇಕಾದರೆ ಎರಡು ಡಾಲರ್ ತಲೆಗಂದಾಯ ಕಟ್ಟಿರಬೇಕು. ಸಂವಿಧಾನದ ಒಂದು ವಿಧಿಯನ್ನು ಓದಬೇಕು, ಇಲ್ಲವೇ ಓದಿಸಿ ಕೇಳಿ ಅರ್ಥ ಹೇಳಬೇಕು. ಹೇಳಿದ ಅರ್ಥ ಸರಿಯೋ ತಪ್ಪೋ? ನೋಂದಣಿ ಮೇಜಿನ ಹಿಂದೆ ಕೂತ ಬಿಳಿಯ ಗುಮಾಸ್ತ ಹೇಳಿದ್ದೇ ಸರಿ. ಇಂಥ ಪರೀಕ್ಷೆಯಲ್ಲಿ ಓದುಬರಹವಿಲ್ಲದ ಬಿಳಿಯರೂ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಲೂಸಿಯಾನಾ 1898ರಲ್ಲಿ ಮದ್ದು ಕಂಡುಕೊಂಡಿತು: 1867ರ ಜನವರಿ 1ಕ್ಕೆ ಮುಂಚೆ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕಿದ್ದವರಿಗೆ ಪರೀಕ್ಷೆ ಮಾಫಿ. ಆ ದಿನ ಕಪ್ಪು ಅಜ್ಜಂದಿರಿಗೆ ಅಲ್ಲಿ ಮತದ ಹಕ್ಕೆಲ್ಲಿತ್ತು? 1896ರಲ್ಲಿ ಆ ರಾಜ್ಯದಲ್ಲಿ 1.30 ಲಕ್ಷದಷ್ಟಿದ್ದ ಕಪ್ಪು ಮತದಾರರು 1904ಕ್ಕೆ 1,342 ಆದರು. ಕಪ್ಪು ಜನರಿಗೆ ರೈಲಿನಲ್ಲಿ ಬೇರೆ ಬೋಗಿ ಇಡುವುದು ಸಂವಿಧಾನಬದ್ಧ ಎಂಬ ಸುಪ್ರೀಂ ಕೋರ್ಟ್ ತೀರ್ಪು 1896ರಲ್ಲೇ ಬಂದಾಗಿತ್ತು.

ಕಿಂಗ್ ಮತ್ತು ಅವರ ಜೊತೆಗಾರರು ಕೆಡವಿದ್ದು ಈ ಗೋಡೆಯನ್ನು. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ ಅದರ ಫಲ. ಆ ಕಥೆ ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ.

ನೀವು ಕೇಳದ ಒಂದು ಮಾತಿದೆ. ಗುಲಾಮರು ಬೆಳೆಯುತ್ತಿದ್ದ ಹತ್ತಿ ನಿಂತಾಗ ಏನಾಯಿತು? ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಬರುತ್ತಿದ್ದದ್ದು ಅಮೆರಿಕದ ದಕ್ಷಿಣದಿಂದ. ಯುದ್ಧದಲ್ಲಿ ಲಿಂಕನ್‌ರ ನೌಕಾಪಡೆ ಬಂದರುಗಳನ್ನು ಮುಚ್ಚಿದಾಗ ಮ್ಯಾಂಚೆಸ್ಟರ್‌ನವರ ಕಣ್ಣು ಬಿದ್ದ ಜಾಗಗಳಲ್ಲಿ ನಮ್ಮ ಧಾರವಾಡದ ಎರೆಭೂಮಿಯೂ ಒಂದು. 1840ರ ದಶಕದಲ್ಲೇ ಅಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿಸಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ, ಈ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ಗಿರಣಿ ಮಾಲೀಕರ ಒತ್ತಡವೂ ಇತ್ತು. ದರ ಏರಿದ ಹಾಗೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು ಮುಂಬೈ ಸರ್ಕಾರ ಹತ್ತಿ ಮೋಸದ ವಿರುದ್ಧ ಕಾಯ್ದೆಯನ್ನೇ ತಂದಿತು, ಅದೂ 1863ರಲ್ಲಿ.

1865ರಲ್ಲಿ ಯುದ್ಧ ಮುಗಿದಾಗ ಹತ್ತಿಯ ದರ ಕುಸಿಯಿತು, ಮುಂಬೈ ಷೇರುಪೇಟೆಯೂ ಮುಗ್ಗರಿಸಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಹತ್ತಿ ಮತ್ತೆ ಇಂಗ್ಲೆಂಡಿಗೆ ಹೋಗತೊಡಗಿತು. ಹತ್ತಿ ಬಿಡಿಸುತ್ತಿದ್ದವರಲ್ಲಿ ಬಹಳಷ್ಟು ಮಂದಿ ಹಿಂದೆ ಗುಲಾಮರಾಗಿದ್ದವರೇ, ಹಳೆಯ ಯಜಮಾನರ ಹೊಲಗಳಲ್ಲೇ, ಈಗ ಪಾಲಿಗೆ ಬೇಸಾಯ ಮಾಡಿಕೊಂಡು. ಬೀಜಕ್ಕೂ ಹಿಟ್ಟಿಗೂ ಮುಂಗಡ ಕೊಟ್ಟವನು ಸುಗ್ಗಿಯಲ್ಲಿ ತಾನೇ ಲೆಕ್ಕ ಬರೆಯುತ್ತಿದ್ದ. ಸಾಲ ತೀರದವರು ಮುಂದಿನ ವರ್ಷವೂ ಅದೇ ಹೊಲಕ್ಕೆ ಇಳಿಯುತ್ತಿದ್ದರು.