ಕೋವಿ ಕೆಲಸಕ್ಕೆ ನಂಬುವಂಥವರನ್ನು ಹುಡುಕುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಲೈಸೆನ್ಸ್ ಇರುವ ಪಾಯಿಂಟ್ 22 ರೈಫಲ್ ಇದೆ. ತಂದೆಯವರಿಂದ ಬಂದದ್ದು. ಅವರು ಎತ್ತರದ ಆಳು, ನಾನು ಕುಳ್ಳ. ಕೈಲ್ ಪೊಳ್ದ್, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬದ ಹೊತ್ತಿಗೆ ನಡೆಯುವ ತೆಂಗಿನಕಾಯಿ ಶೂಟಿಂಗ್‌ಗೆ ಹೋಗುತ್ತೇನೆ. ಕೋವಿಯ ಮರವನ್ನು, ಅಂದರೆ ಹೆಗಲಿಗೆ ಒರಗಿಸುವ ಮರದ ಭಾಗವನ್ನು ನನ್ನ ಅಳತೆಗೆ ಮಾಡಿಸಬೇಕು, ಟ್ರಿಗರ್ ಹಗುರ ಮಾಡಿಸಬೇಕು, ಸ್ಕೋಪ್ ಕೂರಿಸಬೇಕು. ಕೆಲಸ ಗೊತ್ತಿರುವ, ಮೋಸ ಮಾಡದ ಗನ್‌ಸ್ಮಿತ್ ಎಲ್ಲಿ ಸಿಗುತ್ತಾರೆ?

ಉತ್ತರ: ಎಲ್ಲಿ ಸಿಗುತ್ತಾರೆ ಅನ್ನುವುದಕ್ಕಿಂತ, ಸಿಕ್ಕವರನ್ನು ಗುರುತಿಸುವುದು ಹೇಗೆ ಅಂತ ಹೇಳುತ್ತೇನೆ. ನನಗೆ ಅದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ್ದು. ವಯಸ್ಸಾಗಿ ನಳಿಗೆ ಕೂರುವ ಜಾಗ ಸಡಿಲವಾಗಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಒಬ್ಬರ ಹತ್ತಿರ ಕೊಟ್ಟೆ. ಎರಡೇ ದಿನದಲ್ಲಿ ವಾಪಸ್ ಕೊಟ್ಟರು, ಕಲ್ಲಿನ ಹಾಗೆ ಗಟ್ಟಿ. ಎಷ್ಟು ಖುಷಿಯಾಗಿತ್ತು ಅಂದರೆ, ಕೇಳಿದ್ದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ಬಂದೆ. ಮುಂದಿನ ವರ್ಷಕ್ಕೆ ಮತ್ತೆ ಟಕ್ ಟಕ್. ಅವರು ಕಬ್ಬಿಣಕ್ಕೆ ಸುತ್ತಿಗೆ ಪೆಟ್ಟು ಕೊಟ್ಟು ಉಬ್ಬಿಸಿ ಬಿಗಿ ಮಾಡಿದ್ದರು. ಸರಿಯಾಗಿ ಮಾಡುವವರು ಸವೆದ ಜಾಗಕ್ಕೆ ಹೊಸ ಲೋಹ ಸೇರಿಸಿ, ಮಸಿ ಹಚ್ಚಿ, ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಅರ ಹಾಕಿ ಕೂರಿಸುತ್ತಾರೆ. ಅದಕ್ಕೆ ದಿನಗಟ್ಟಲೆ ಬೇಕು.

ಆಮೇಲೆ ಇನ್ನೊಬ್ಬರ ಹತ್ತಿರ ಹೋದೆ. ವಯಸ್ಸಾದವರು. ಕೋವಿ ಕೈಗೆ ಕೊಟ್ಟ ತಕ್ಷಣ ನಳಿಗೆ ಬಗ್ಗಿಸಿ ತೆರೆದು, ತೋಟಾ ಇಲ್ಲ ಅಂತ ಬೆರಳು ಹಾಕಿ ನೋಡಿದರು. ಆಮೇಲೆ "ಲೈಸೆನ್ಸ್ ಕೊಡಿ ಸಾರ್" ಅಂದರು. ಲೈಸೆನ್ಸಿನ ನಂಬರನ್ನು ಕೋವಿಯ ನಂಬರಿನ ಜೊತೆ ಒಂದೊಂದೇ ಅಂಕಿ ಓದಿ ಹೋಲಿಸಿದರು. ನಳಿಗೆ ಬಿಚ್ಚಿ ಅಡಿಭಾಗ ತಿರುಗಿಸಿ, ಭೂತಗನ್ನಡಿ ಹಿಡಿದು ಪ್ರೂಫ್ ಮುದ್ರೆ, ಅಂದರೆ ನಳಿಗೆಯನ್ನು ಪರೀಕ್ಷೆ ಮಾಡಿದ ಗುರುತು, ಓದಿದರು. ಕೊನೆಗೆ ಕಿಟಕಿ ಬೆಳಕಿಗೆ ನಳಿಗೆ ಎತ್ತಿ ಹಿಡಿದು, ನಿಧಾನಕ್ಕೆ ಸುತ್ತು ತಿರುಗಿಸುತ್ತಾ ಒಳಗೆ ನೋಡಿದರು. ಹತ್ತು ನಿಮಿಷ ಮಾತೇ ಇಲ್ಲ.

ಆಮೇಲೆ ಹೇಳಿದರು: "ಎಡಗಡೆ ನಳಿಗೆ ತೆಳುವಾಗಿದೆ. ಬಿಗಿ ಮಾಡಿಕೊಡಬಹುದು. ಆದ್ರೆ ಮಾಡಲ್ಲ. ಮಾಡಿಕೊಟ್ಟರೆ ನೀವು ಈಡು ಹೊಡೀತೀರಿ. ಇದನ್ನ ಪೂಜೆಗೆ ಇಟ್ಕೊಳ್ಳಿ."

ಒಂದು ರೂಪಾಯಿ ತಗೊಳ್ಳಲಿಲ್ಲ. ಅವತ್ತಿನಿಂದ ನನ್ನ ಉಳಿದ ಎಲ್ಲ ಕೋವಿ ಕೆಲಸ ಅವರದ್ದೇ. ಹಾಗಾಗಿ ನಾನು ಯಾರಿಗಾದರೂ ಹೇಳುವುದು ಇಷ್ಟೇ. ಆ ಮನುಷ್ಯ ಏನು ಮಾಡಿಕೊಡುತ್ತೇನೆ ಅನ್ನುತ್ತಾನೆ ಅಂತ ನೋಡಬೇಡಿ. ಏನು ಕೇಳುತ್ತಾನೆ, ಏನು ಮಾಡಲ್ಲ ಅನ್ನುತ್ತಾನೆ, ಅದನ್ನು ನೋಡಿ.

ಮೊದಲು ಕಾನೂನಿನ ಮಾತು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ಮಾಡಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಲೈಸೆನ್ಸ್ ಬೇಕು. ನಮ್ಮ ಕೊಡಗಿನಲ್ಲಿ ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ರಾಜರ ಕಾಲದಿಂದ ವಂಶಕ್ಕೆ ಬಂದ ಜಮ್ಮಾ ಭೂಮಿ ಇರುವವರಿಗೆ) ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು 3 ಮತ್ತು 4ನೇ ಸೆಕ್ಷನ್‌ಗೆ, ಅಂದರೆ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ರಿಪೇರಿ ಮಾಡುವವರಿಗೆ ಅದರಿಂದ ವಿನಾಯಿತಿ ಸಿಗುವುದಿಲ್ಲ. "ನಮ್ಮವರೇ, ಮನೆಯಲ್ಲೇ ಮಾಡಿಕೊಡ್ತಾರೆ" ಅಂತ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಅಂಗಡಿಯ ಗೋಡೆ ಮೇಲೆ ಲೈಸೆನ್ಸ್ ಕಾಣದಿದ್ದರೆ ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ಅವರು ನಿಮ್ಮದನ್ನು ಕೇಳುತ್ತಾರಲ್ವಾ? ಕೇಳದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಳಿಗೆ ಮೋಟು ಮಾಡುವುದು, ಒಂದು ಬಗೆಯ ಕೋವಿಯನ್ನು ಇನ್ನೊಂದು ಬಗೆಗೆ ಬದಲಿಸುವುದು, ಕೋವಿಯ ಮೇಲಿನ ನಂಬರ್ ಅಳಿಸುವುದು ಅಥವಾ ತಿದ್ದುವುದು, ಇವೆಲ್ಲ ಜೈಲಿಗೆ ಹೋಗುವ ಕೆಲಸ. ಯಾರಾದರೂ "ಅದೂ ಮಾಡಿಕೊಡ್ತೀನಿ" ಅಂದರೆ ಅವರ ಕೈಯಲ್ಲಿ ಒಂದು ಸ್ಕ್ರೂ ಕೂಡ ಬಿಗಿ ಮಾಡಿಸಬೇಡಿ.

ಇನ್ನು ನಿಮ್ಮ ಮೂರು ಕೆಲಸ.

ಮರದ ಕೆಲಸದಲ್ಲಿ ಕೈ ಗೊತ್ತಾಗುತ್ತದೆ. ಟೇಪು ಹಿಡಿದು ಅಳೆದು "ಒಂದಿಂಚು ಕೊಯ್ದುಬಿಡೋಣ" ಅನ್ನುವವರು ಬೇಡ. ನಮ್ಮ ಆ ಹಿರಿಯರು ಮಾಡುವುದು ಹೀಗೆ. ಮೊದಲು ಕೋವಿ ಖಾಲಿ ಇದೆ ಅಂತ ನಿಮಗೂ ತೋರಿಸುತ್ತಾರೆ. ಕಣ್ಣು ಮುಚ್ಚಿಕೊಂಡು ಗೋಡೆ ಕಡೆಗೆ ಹೆಗಲಿಗೆ ಏರಿಸಿ ಅನ್ನುತ್ತಾರೆ. ಕೆನ್ನೆ ಮರಕ್ಕೆ ಕೂತ ಮೇಲೆ ಕಣ್ಣು ಬಿಡಿ ಅನ್ನುತ್ತಾರೆ. ನೊಣ (ನಳಿಗೆಯ ತುದಿಯಲ್ಲಿರುವ ಗುರಿಯ ಮೊನೆ) ನೇರ ಕಾಣುತ್ತದಾ, ಮೇಲೆ ಕೆಳಗೆ ಆಗಿದೆಯಾ? ಇದನ್ನು ಐದಾರು ಸಲ ಮಾಡಿಸುತ್ತಾರೆ. ಉದ್ದ ಒಂದೇ ಅಲ್ಲ, ಕೆನ್ನೆ ಕೂರುವ ಎತ್ತರವೂ ಬೇಕು. ನೀವು ಜಾಕೆಟ್ ಹಾಕಿ ಹೊಡೆಯುತ್ತೀರೋ ಬರೀ ಶರ್ಟಿನಲ್ಲೋ ಅಂತಲೂ ಕೇಳಬೇಕು. ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಒಳ್ಳೆಯವರು ಸ್ವಲ್ಪ ಕೊಯ್ದು, ಹೊಡೆದು ನೋಡಿ ಬನ್ನಿ ಅಂತ ಕಳಿಸಿ, ಮತ್ತೆ ಕೊಯ್ಯುತ್ತಾರೆ. ತಂದೆಯವರ ಮರವನ್ನೇ ಕೊಯ್ಯಲು ಮನಸ್ಸು ಬರದಿದ್ದರೆ ಅದನ್ನು ಬಿಚ್ಚಿ ಜೋಪಾನ ಮಾಡಿ, ಬೇರೆ ಮರ ಮಾಡಿಸಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಮರ ಕೂರಿಸಲು ಬೇಸಿಗೆ ಒಳ್ಳೆಯದು. ನಮ್ಮ ಮಳೆಗೆ ಮರ ಉಬ್ಬುತ್ತದೆ. ಜುಲೈನಲ್ಲಿ ಬಿಗಿಯಾಗಿ ಕೂತದ್ದು ಫೆಬ್ರವರಿಯಲ್ಲಿ ಸಡಿಲವಾಗಿ ನಿಲ್ಲುತ್ತದೆ. ಸೆಪ್ಟೆಂಬರ್ ಮೊದಲ ವಾರದ ಹಬ್ಬಕ್ಕೆ ಆಗಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಆ ಗಡಿಬಿಡಿಯಲ್ಲಿ ಎಣ್ಣೆ ಹಾಕಿಸಿಕೊಳ್ಳಿ ಸಾಕು, ದೊಡ್ಡ ಕೆಲಸ ಕೊಡಬೇಡಿ.

ಟ್ರಿಗರ್ ವಿಷಯದಲ್ಲಿ ಹಗುರ ಮಾಡಿಸುವ ಹಠ ಬೇಡ. ಹಳೇ ಟ್ರಿಗರ್ ಗಟ್ಟಿಯಾಗಲು ಎಷ್ಟೋ ಸಲ ಒಣಗಿದ ಎಣ್ಣೆ, ಧೂಳು ಕಾರಣ. ಬಲ್ಲವರು ಮೊದಲು ಬಿಚ್ಚಿ ತೊಳೆಯುತ್ತಾರೆ. ಹಗುರ ಮಾಡಿದ ಮೇಲೆ ಖಾಲಿ ಕೋವಿಯನ್ನು ಹೊಡೆಯಲು ಸಜ್ಜು ಮಾಡಿಟ್ಟು, ಹಿಂಬದಿಯನ್ನು ಚಾಪೆ ಮೇಲೆ ಕುಟ್ಟಿ, ತಾನಾಗಿ ಬಿಡುವುದಿಲ್ಲ ಅಂತ ನಿಮ್ಮೆದುರೇ ತೋರಿಸುತ್ತಾರೆ. ಇನ್ನೊಂದು ಸಣ್ಣ ಗುರುತು ಇದೆ. ಪಾಯಿಂಟ್ 22ರಲ್ಲಿ ತೋಟಾ ಸಿಡಿಸುವ ಸೂಜಿ ಹೊಡೆಯುವುದು ತೋಟಾದ ಅಂಚಿಗೆ. ಹಳೇ ರೈಫಲನ್ನು ಖಾಲಿ ಇಟ್ಟು ಸುಮ್ನೆ ಟಪ್ ಟಪ್ ಅನ್ನಿಸಿದರೆ ಸೂಜಿ ನೇರ ನಳಿಗೆಯಲ್ಲಿ ತೋಟಾ ಕೂರುವ ಜಾಗದ ಅಂಚಿಗೆ ಬಡಿದು ಗಾಯ ಆಗಬಹುದು. ತಿಳಿದವರು ಹೊಡೆದ ಖಾಲಿ ತೋಟಾ ಇಟ್ಟು ಪರೀಕ್ಷೆ ಮಾಡುತ್ತಾರೆ. ನಿಮ್ಮ ಕೋವಿ ತೆಗೆದುಕೊಂಡ ಕೂಡಲೇ ಐದಾರು ಸಲ ಟಪ್ ಅನ್ನಿಸುವವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಸ್ಕೋಪ್‌ಗೆ ಮೊದಲು, ನೀವು ಹೋಗುವ ಸ್ಪರ್ಧೆಗಳಲ್ಲಿ ಅದನ್ನು ಬಿಡುತ್ತಾರಾ ಅಂತ ಕೇಳಿಕೊಳ್ಳಿ. ರೈಫಲ್ ಮೇಲೆ ಸ್ಕೋಪ್ ಹಿಡಿಸುವ ಗಾಡಿ (ಉದ್ದದ ಕೊರಕಲು) ಇದ್ದರೆ ಸುಲಭ, ಇಲ್ಲದಿದ್ದರೆ ತೂತು ಕೊರೆಯಬೇಕು. ಸೊಟ್ಟ ಕೊರೆದರೆ ರಿಪೇರಿ ಇಲ್ಲ.

ಕೊಡುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ನಂಬರ್ ಇರುವ ಜಾಗ ಬಿಡಬೇಡಿ. ರಶೀದಿಯಲ್ಲಿ ಕೋವಿಯ ನಂಬರ್, ಲೈಸೆನ್ಸ್ ನಂಬರ್, ಏನೇನು ಕೆಲಸ, ಯಾವತ್ತು ವಾಪಸ್, ಎಲ್ಲ ಬರೆಸಿ. ಬದಲಿಸಿದ ಹಳೇ ಭಾಗಗಳನ್ನು ಕೇಳಿ ಪಡೆಯಿರಿ. ಹಳೇ ಇಂಗ್ಲಿಷ್ ಕೋವಿಗಳ ಒಳ್ಳೆಯ ಭಾಗ ತೆಗೆದುಕೊಂಡು ಬೇರೆ ಹಾಕಿ ಕೊಡುವ ಮೋಸ ಇಲ್ಲೇ ನಡೆಯಬಹುದು.

ಹೆಸರು ಹುಡುಕಲು ಸ್ಪರ್ಧೆಯ ಮೈದಾನಕ್ಕಿಂತ ಒಳ್ಳೆಯ ಜಾಗ ಇಲ್ಲ. ಗೆದ್ದವರನ್ನು ಕೇಳುವ ಬದಲು, ಮೂವತ್ತು ವರ್ಷದಿಂದ ಒಂದೇ ರೈಫಲ್ ಹಿಡಿದು ಬರುವವರನ್ನು ಕೇಳಿ. ಎರಡನೇ ಸಲ, ಮೂರನೇ ಸಲ ಅದನ್ನು ಯಾರ ಹತ್ತಿರ ಕೊಟ್ಟರು ಅಂತ ಕೇಳಿ. ಆ ಹೆಸರು ಸಿಕ್ಕಿದ ಮೇಲೂ ಮೊದಲು ಸಣ್ಣ ಕೆಲಸ ಕೊಡಿ. ಬರೀ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ. ವಾಪಸ್ ಬಂದಾಗ ಸ್ಕ್ರೂಗಳ ತಲೆ ನೋಡಿ. ಗೀಟು ಹಾಳಾಗದೆ, ಅಂಚು ಚೂಪಾಗಿ ಹಾಗೇ ಇದ್ದರೆ, ಆಮೇಲೆ ತಂದೆಯವರ ರೈಫಲಿನ ಮರದ ಮಾತು ತೆಗೆಯಿರಿ.